ಅಜ್ಜಿಯ ಲಕ್ಷ್ಮಿ ಪಟ ಕಲ್ಲಚ್ಚಿನದ್ದೇ? ತಿಳಿದವರು ಹೇಳಿ

ಡೊಂಬಿವಲಿಯಿಂದ ಪ್ರಶ್ನೆ:
ಊರಿನಿಂದ ಅಜ್ಜಿಯ ಲಕ್ಷ್ಮಿ ಪಟ ತಂದಿದ್ದೇವೆ. ಕೆಳಗೆ ರವಿವರ್ಮ ಪ್ರೆಸ್ ಎಂದಿದೆ. ಸೀರೆಗೆ ಜರಿ ಅಂಟಿಸಿದ್ದಾರೆ. ಇದು ನಿಜಕ್ಕೂ ಹಳೆಯದೇ? ಚೌಕಟ್ಟಿಗೆ ಹುಳು ಹಿಡಿದಿದೆ, ಏನು ಮಾಡಲಿ?

ಮಾಟುಂಗಾದಿಂದ:
ಹೆಸರು ನೋಡಿ ನಂಬಬೇಡಿ. ಮರುಮುದ್ರಣ ಮಾಡಿದಾಗ ಆ ಅಕ್ಷರಗಳೂ ಚಿತ್ರದ ಜೊತೆಗೇ ಬಂದುಬಿಡುತ್ತವೆ. ಒಂದು ಒಳ್ಳೆಯ ಭೂತಗನ್ನಡಿ ತನ್ನಿ. ಲಕ್ಷ್ಮಿಯ ಕೆನ್ನೆ, ಬೆರಳುಗಳನ್ನು ನೋಡಿ. ಚುಕ್ಕಿಗಳು ಒಂದೇ ಅಂತರದಲ್ಲಿ ಸಾಲಾಗಿ ಕೂತಿದ್ದರೆ ಅದು ಆಫ್‌ಸೆಟ್, ಅಂದರೆ ಈಚಿನ ಯಂತ್ರ ಮುದ್ರಣ. ಒಂದು ಕಡೆ ದಟ್ಟ, ಇನ್ನೊಂದು ಕಡೆ ತೆಳುವಾಗಿ, ಕೈಯಿಂದ ಇಟ್ಟ ಹಾಗಿದ್ದರೆ ಕಲ್ಲಚ್ಚಿನದ್ದು.

ಅವು ನಿಜವಾಗಿಯೂ ಕೈಯಿಂದ ಇಟ್ಟ ಚುಕ್ಕಿಗಳೇ. ಬವೇರಿಯಾದ ನಯವಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಮಸಿಯಲ್ಲಿ ಚಿತ್ರವನ್ನು ಎಡಬಲ ತಿರುಗಿಸಿ ಬರೆಯುತ್ತಿದ್ದರು. ಅದರ ಮೇಲೆ ಗೋಂದು, ಸ್ವಲ್ಪ ಆಮ್ಲ. ಆಮೇಲೆ ಕಲ್ಲನ್ನು ಒದ್ದೆ ಮಾಡಿ ಬಣ್ಣದ ರೋಲರ್ ಉರುಳಿಸಿದರೆ ಜಿಡ್ಡಿದ್ದ ಕಡೆ ಮಾತ್ರ ಬಣ್ಣ ಹಿಡಿಯುತ್ತದೆ, ನೀರಿದ್ದ ಕಡೆ ಹಿಡಿಯುವುದಿಲ್ಲ. ಒಂದೊಂದು ಬಣ್ಣಕ್ಕೂ ಬೇರೆ ಕಲ್ಲು! ಅದೇ ಕಾಗದ ಮತ್ತೆ ಮತ್ತೆ ಯಂತ್ರಕ್ಕೆ ಹೋಗಬೇಕು. ಕೂದಲೆಳೆಯಷ್ಟು ಜರುಗಿದರೂ ತುಟಿಯ ಕೆಂಪು ಗೆರೆ ದಾಟಿ ಕಾಣುತ್ತದೆ. ಅದನ್ನೂ ಹುಡುಕಿ. ಇಷ್ಟು ತಾಳ್ಮೆಯಿಂದ ಚುಕ್ಕಿ ಇಟ್ಟವರ ಹೆಸರು ಪಟದಲ್ಲಿ ಎಲ್ಲೂ ಇರುವುದಿಲ್ಲ. ನನಗೆ ಅದೇ ದೊಡ್ಡ ಬೇಸರ.

ಪುಣೆಯಿಂದ:
ಹೆಸರಿನ ಪಕ್ಕದ ವಿಳಾಸವನ್ನೂ ಓದಿ. ಪ್ರೆಸ್ ಶುರುವಾಗಿದ್ದು 1894ರಲ್ಲಿ, ಮುಂಬಯಿಯಲ್ಲಿ. ಆಮೇಲೆ ಲೋನಾವಳಾ ಹತ್ತಿರದ ಮಳವಲಿಗೆ ಹೋಯಿತು. ಅಲ್ಲಿ ಅದನ್ನು ಜರ್ಮನಿಯ ತಂತ್ರಜ್ಞ ಫ್ರಿಟ್ಸ್ ಶ್ಲೈಶರ್ ಕೊಂಡರು, ಮುದ್ರಣ ಮುಂದುವರಿಯಿತು. ರವಿವರ್ಮ ತೀರಿಕೊಂಡಿದ್ದು 1906ರಲ್ಲಿ. ಹಾಗಾಗಿ ಪ್ರೆಸ್ಸಿನ ಎಲ್ಲ ಪಟಗಳೂ ಅವರ ಕಾಲದ್ದಲ್ಲ. ಮನೆಯಲ್ಲಿ ಬೇರೆ ಪಟಗಳಿದ್ದರೆ ಅವನ್ನೂ ನೋಡಿ. ನಮ್ಮ ಪುಣೆಯ ಚಿತ್ರಶಾಲಾ ಪ್ರೆಸ್ ಇನ್ನೂ ಹಳೆಯದು, 1878ರದ್ದು.

ಗೋರೆಗಾಂವ್‌ನಿಂದ:
ಜರಿ ಕೀಳಬೇಡಿ ಪ್ಲೀಸ್. ಅದು ನಿಮ್ಮ ಮನೆಯವರೇ ಮಾಡಿದ ಅಲಂಕಾರವಿರಬಹುದು, ಅಲ್ವಾ? ಒದ್ದೆ ಬಟ್ಟೆ, ಲ್ಯಾಮಿನೇಷನ್ ಎರಡೂ ಬೇಡ. ಹುಳು ಹಿಡಿದ ಚೌಕಟ್ಟು, ಹಿಂದಿನ ಹಲಗೆ ಎರಡನ್ನೂ ಬಿಚ್ಚಿಸಿ ದೂರ ಇಡಿ. ಪಟಕ್ಕೆ ನೇರವಾಗಿ ಔಷಧಿ ಹೊಡೆಯಬೇಡಿ. ಹೊಸ ಚೌಕಟ್ಟಿಗೆ ಆಮ್ಲವಿಲ್ಲದ ಬೋರ್ಡ್ ಕೇಳಿ. ಗಾಜು ಜರಿಗೆ ತಾಗದ ಹಾಗೆ ನಡುವೆ ಜಾಗ ಬಿಡಿಸಿ, ಇಲ್ಲದಿದ್ದರೆ ಇಲ್ಲಿನ ಮಳೆಗಾಲದಲ್ಲಿ ಕಾಗದ ಗಾಜಿಗೇ ಅಂಟಿಕೊಳ್ಳುತ್ತದೆ. ಹೊರಗೋಡೆಗೆ ಮಾತ್ರ ತೂಗುಹಾಕಬೇಡಿ. ಕಾಗದವೇ ಪುಡಿಯಾಗುತ್ತಿದ್ದರೆ ಫ್ರೇಮ್ ಅಂಗಡಿಗೆ ಕೊಡುವ ಮೊದಲು ಕಾಗದ ಸಂರಕ್ಷಣೆ ಕಲಿತವರಿಗೆ ತೋರಿಸಿ.