ಸಹಾಯ ಬೇಕು: ಎಡಿಟರ್‌ಗೆ ಹೆಡಿಂಗ್ ಸೇರಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿಯವನು. ನಮ್ಮ ಕಡೆಯ ಅಡಿಕೆ ಬೆಳೆಗಾರರು ಕೊಳೆರೋಗ, ಬೋರ್ಡೋ ದ್ರಾವಣ, ಬಸಿಗಾಲುವೆ ಅಂತ ತಮ್ಮ ಅನುಭವ ಬರೆದಿಡಲು ಒಂದು ವೆಬ್‌ಸೈಟ್ ಮಾಡುತ್ತಿದ್ದೇನೆ. ಅದರ ಎಡಿಟರ್‌ನಲ್ಲಿ ಬೋಲ್ಡ್, ಇಟಾಲಿಕ್, ಲಿಸ್ಟ್ ಇಷ್ಟೇ ಇದೆ. ಹೆಡಿಂಗ್ ಇಲ್ಲದ್ದಕ್ಕೆ ಎಲ್ಲರೂ ಸಾಲನ್ನು ಸುಮ್ನೆ ಬೋಲ್ಡ್ ಮಾಡುತ್ತಾರೆ. ಕಣ್ಣಿಗೆ ಸರಿಯೇ. ಆದರೆ ಸ್ಕ್ರೀನ್ ರೀಡರ್ (ಪರದೆಯ ಬರಹವನ್ನು ಓದಿ ಹೇಳುವ ತಂತ್ರಾಂಶ) ಬಳಸುವವರಿಗೆ ಹೆಡಿಂಗ್‌ನಿಂದ ಹೆಡಿಂಗ್‌ಗೆ ಜಿಗಿಯಲು ಆಗುವುದಿಲ್ಲ, ನನಗೆ ಇದೇ ಜಾಸ್ತಿ ಬೇಜಾರು.

ಈಗಿರುವುದು ಕಂಟೆಂಟ್‌ಎಡಿಟಬಲ್ ಡಿವ್, ಅಂದರೆ ಪುಟದಲ್ಲೇ ನೇರವಾಗಿ ಟೈಪ್ ಮಾಡಬಹುದಾದ ಭಾಗ. ಬ್ರೌಸರ್‌ನಲ್ಲೇ ಇರುವ ಎಕ್ಸೆಕ್‌ಕಮಾಂಡ್‌ನ ಫಾರ್ಮ್ಯಾಟ್‌ಬ್ಲಾಕ್‌ಗೆ ಎಚ್2 (ಎರಡನೇ ಹಂತದ ಹೆಡಿಂಗ್‌ನ ಟ್ಯಾಗ್) ಕೊಟ್ಟರೆ ಹೆಡಿಂಗ್ ಬರುತ್ತದೆ, ಆದರೆ ಆ ಕಮಾಂಡನ್ನೇ ಈಗ ಬಳಸಬೇಡಿ ಅನ್ನುತ್ತಾರೆ ಅಲ್ವಾ? ಹಾಗಂತ ಜಾವಾಸ್ಕ್ರಿಪ್ಟ್‌ನಲ್ಲಿ ನಾನೇ ಪಿ (ಪ್ಯಾರಾ) ಟ್ಯಾಗ್ ತೆಗೆದು ಎಚ್2 ಹಾಕಿದೆ, ಆಗ ಅನ್‌ಡೂ ಕೆಟ್ಟಿತು, ಕರ್ಸರ್ ಎಲ್ಲೋ ಹೋಯಿತು.

ರೆಡಿಮೇಡ್ ಎಡಿಟರ್ ಲೈಬ್ರರಿಗಳಾದ ಕ್ವಿಲ್ ಅಥವಾ ಟಿಪ್‌ಟ್ಯಾಪ್‌ಗೆ ಹೋಗುವುದೇ ಒಳ್ಳೆಯದಾ? ಟಿಪ್‌ಟ್ಯಾಪ್ ತನ್ನ ಸ್ಕೀಮಾದಲ್ಲಿ (ಯಾವ ಯಾವ ಅಂಶ ಇರಬಹುದು ಅನ್ನುವ ನಿಯಮಪಟ್ಟಿಯಲ್ಲಿ) ಇಲ್ಲದ್ದನ್ನು ಬಿಟ್ಟುಬಿಡುತ್ತದೆ, ಹಾಗಾಗಿ ಹಳೆಯ ಬರಹಗಳದ್ದೇ ಭಯ. ಪೂರ್ತಿ ಬೋಲ್ಡ್ ಇರುವ ಒಂಟಿ ಸಾಲುಗಳನ್ನು ಸ್ಕ್ರಿಪ್ಟ್ ಬರೆದು ಎಚ್2 ಮಾಡಬಹುದು ಅಂದುಕೊಂಡಿದ್ದೇನೆ, ಆದರೆ "ಮಳೆ ಬರುವಾಗ ಸಿಂಪಡಿಸಬೇಡಿ" ಅನ್ನುವಂಥ ಎಚ್ಚರಿಕೆಯ ಸಾಲುಗಳೂ ಬೋಲ್ಡ್‌ನಲ್ಲೇ ಇವೆ. ಇಂಥದ್ದು ಮಾಡಿದವರು ಇದ್ದರೆ ದಯವಿಟ್ಟು ಹೇಳಿ. ಎಚ್1 ಪುಟದ ಶೀರ್ಷಿಕೆಗೆ ಇದೆ, ಎಡಿಟರ್‌ನಲ್ಲಿ ಎಚ್2, ಎಚ್3 ಎರಡೇ ಸಾಕು.