ಗ್ರಹದ ನಡುವೆ ಕಪ್ಪು ತೂತು ಕಾಣುತ್ತಿದೆ, ಕನ್ನಡಿ ಹಾಳಾಗಿದೆಯಾ?

ಹೊಸಕಣ್ಣು: ನನ್ನದು 114 ಎಂಎಂ ಕನ್ನಡಿ ಟೆಲಿಸ್ಕೋಪ್, ಫೋಕಲ್ ಲೆಂತ್ 900 ಎಂಎಂ, 25 ಮತ್ತು 10 ಎಂಎಂ ಐಪೀಸ್ (ಕಣ್ಣಿಟ್ಟು ನೋಡುವ ಮಸೂರ) ಇವೆ. ಚಂದ್ರ ಚೆನ್ನಾಗಿಯೇ ಕಾಣುತ್ತಾನೆ, ಅದರಲ್ಲಿ ತಕರಾರಿಲ್ಲ. ಆದರೆ ಆಕಾಶದಲ್ಲಿ ಎಲ್ಲಕ್ಕಿಂತ ಜಾಸ್ತಿ ಹೊಳೆಯುತ್ತಿದ್ದುದನ್ನು ಗುರು ಗ್ರಹವೇ ಇರಬೇಕು ಅಂತ ಹಿಡಿದರೆ, ದೊಡ್ಡ ಬಿಳಿ ತಟ್ಟೆ, ಅದರ ನಡುವೆ ಗುಂಡಗೆ ಕಪ್ಪು ತೂತು. ತೂತಿನಿಂದ ಅಂಚಿಗೆ ತೆಳ್ಳನೆ ಗೆರೆಗಳೂ ಇವೆ. ಫೋಕಸ್ ತಿರುಗಿಸಿದರೆ ಚಿಕ್ಕದಾಗುತ್ತಾ ಹೋಗಿ ಬರೀ ಚುಕ್ಕಿ ಆಗಿಬಿಡುತ್ತದೆ, ಅದಕ್ಕೇ ದೊಡ್ಡದಾಗಿ ಕಾಣುವ ಕಡೆ ಇಟ್ಟುಕೊಂಡಿದ್ದೇನೆ. ಪಟ್ಟೆ ಇಲ್ಲ, ಉಪಗ್ರಹ ಇಲ್ಲ. ಕನ್ನಡಿ ಬದಲಿಸಬೇಕಾ?

ಓರೆಗನ್ನಡಿ: ಕನ್ನಡಿಗೆ ಏನೂ ಆಗಿಲ್ಲ, ಸುಮ್ನೆ ಬಿಚ್ಚಲು ಹೋಗಬೇಡಿ. ಆ ತೂತು ಕೊಳವೆಯ ಬಾಯಿ ಹತ್ತಿರ ಇರುವ ಚಿಕ್ಕ ಕನ್ನಡಿಯ ನೆರಳು. ಗೆರೆಗಳು ಅದನ್ನು ಹಿಡಿದಿರುವ ಪಟ್ಟಿಗಳದ್ದು. ಫೋಕಸ್ ತಪ್ಪಿದಾಗ ಬೆಳಕು ಹರಡಿಕೊಂಡು ನಿಮ್ಮ ಟೆಲಿಸ್ಕೋಪಿನ ಬಾಯಿಯ ಆಕಾರವನ್ನೇ ತೋರಿಸುತ್ತದೆ, ಆಕಾಶದಲ್ಲಿರುವ ವಸ್ತುವಿನದ್ದಲ್ಲ. ಅಂದಹಾಗೆ ತೂತು ಸರಿಯಾಗಿ ನಡುವೆ ಇದ್ದರೆ ಕನ್ನಡಿಗಳು ಹೆಚ್ಚುಕಡಿಮೆ ನೇರವಾಗಿ ಕೂತಿವೆ ಅಂತಲೇ ಅರ್ಥ, ಖುಷಿಪಡಿ.

ನೀವು ಬಿಟ್ಟುಬಿಟ್ಟ ಆ ಚುಕ್ಕಿಯೇ ಸರಿಯಾದ ಫೋಕಸ್. ಅತಿ ಚಿಕ್ಕದಾಗುವವರೆಗೆ ತಿರುಗಿಸಿ. ಆಗಲೂ ಚುಕ್ಕಿಯಾಗಿಯೇ ಉಳಿದರೆ ಅದು ನಕ್ಷತ್ರ. ಗುರುವಾಗಿದ್ದರೆ ಅಂಚು ಚೂಪಾದ ಪುಟ್ಟ ಬಿಲ್ಲೆಯಾಗಿ ನಿಲ್ಲುತ್ತಿತ್ತು.

ಇರುಳುಗಾವಲು: ಅಷ್ಟೆಲ್ಲಾ ಯಾಕೆ, ಮಿನುಗಿದರೆ ನಕ್ಷತ್ರ, ಮಿನುಗದಿದ್ದರೆ ಗ್ರಹ. ಬರಿಗಣ್ಣಿಗೇ ಗೊತ್ತಾಗುತ್ತದೆ ಅಲ್ವಾ?

ಓರೆಗನ್ನಡಿ: ಮೇಲೆ ಇದ್ದಾಗ ಸರಿ. ದಿಗಂತದ ಹತ್ತಿರ ಗಾಳಿಯ ಪದರ ದಪ್ಪ, ಅಲ್ಲಿ ಶುಕ್ರವೂ ಮಿನುಗುತ್ತದೆ. ನೆತ್ತಿಯ ಮೇಲಿನ ನಕ್ಷತ್ರ ಗಾಳಿ ಶಾಂತವಾಗಿದ್ದ ರಾತ್ರಿ ಮಿನುಗದೆಯೂ ಇರಬಹುದು. ನಾನಂತೂ ಅದೊಂದನ್ನೇ ನಂಬುವುದಿಲ್ಲ.

ಹೊಸಕಣ್ಣು: ಮಿನುಗುತ್ತಿತ್ತು, ಕೆಂಪು ಹಸಿರು ನೀಲಿ ಎಲ್ಲಾ ಬಂದು ಹೋಗುತ್ತಿತ್ತು. ಮೇಲುಗಡೆ ಒಂದೇ ಸಾಲಲ್ಲಿ ಮೂರು ನಕ್ಷತ್ರ ಇದ್ದವು, ಆ ಗೆರೆಯನ್ನು ಉದ್ದಕ್ಕೆ ಎಳೆದರೆ ಇದಕ್ಕೇ ಬರುತ್ತದೆ. ಆದರೆ ನಕ್ಷತ್ರ ಗ್ರಹಕ್ಕಿಂತ ದೊಡ್ಡದು ತಾನೇ, ಅದು ಯಾಕೆ ಚುಕ್ಕಿ? 10 ಎಂಎಂ ಹಾಕಿದರೂ ಬೆಳೆಯಲಿಲ್ಲ.

ಓರೆಗನ್ನಡಿ: ಹಾಗಾದರೆ ಅದು ಲುಬ್ಧಕ, ಅಂದರೆ ಸಿರಿಯಸ್ ನಕ್ಷತ್ರ, ಅನುಮಾನವೇ ಬೇಡ. ಗುರುವಿಗಿಂತ ಸುಮಾರು 17 ಪಟ್ಟು ಅಗಲ ಇದೆ, ಆದರೆ 8.6 ಜ್ಯೋತಿರ್ವರ್ಷ ದೂರದಲ್ಲಿದೆ. ಆಕಾಶದಲ್ಲಿ ಎಷ್ಟು ದೊಡ್ಡದಾಗಿ ಕಾಣುತ್ತದೆ ಅನ್ನುವುದನ್ನು ಡಿಗ್ರಿಯಲ್ಲಿ ಅಳೆಯುತ್ತಾರೆ, ಒಂದು ಡಿಗ್ರಿಯನ್ನು 3600 ಭಾಗ ಮಾಡಿದರೆ ಒಂದು ಭಾಗ ಒಂದು ಆರ್ಕ್‌ಸೆಕೆಂಡ್. ಗುರು 30ರಿಂದ 50 ಆರ್ಕ್‌ಸೆಕೆಂಡ್ ಕಾಣುತ್ತದೆ, ಲುಬ್ಧಕ 0.006. ನಿಮ್ಮ 25 ಎಂಎಂ ಐಪೀಸ್ 36 ಪಟ್ಟು ದೊಡ್ಡದು ಮಾಡುತ್ತದೆ, ಅಂದರೆ ಗುರು ಹತ್ತಿರ ಬಂದಾಗ ಬರಿಗಣ್ಣಿನ ಚಂದ್ರನಷ್ಟಾಗುತ್ತದೆ (ಕಣ್ಣಿಟ್ಟಾಗ ಅಷ್ಟು ದೊಡ್ಡದು ಅನ್ನಿಸುವುದಿಲ್ಲ, ಅದು ಬೇರೆ ಮಾತು). ಲುಬ್ಧಕವನ್ನು 10 ಎಂಎಂನಲ್ಲಿ 90 ಪಟ್ಟು ಹಿಗ್ಗಿಸಿದರೂ ಒಂದು ಆರ್ಕ್‌ಸೆಕೆಂಡ್ ಕೂಡ ತುಂಬುವುದಿಲ್ಲ. ಕಣ್ಣಿಗೆ ಆಕಾರ ಗೊತ್ತಾಗಬೇಕಾದರೆ ಸುಮಾರು 60 ಆರ್ಕ್‌ಸೆಕೆಂಡ್ ಬೇಕು.

ಇನ್ನೊಂದು ಗುರುತು: ಗುರು ಯಾವಾಗಲೂ ಲುಬ್ಧಕಕ್ಕಿಂತ ಜಾಸ್ತಿ ಹೊಳೆಯುತ್ತದೆ. ಆ ಹೊತ್ತಿಗೆ ಲುಬ್ಧಕವೇ ಎಲ್ಲಕ್ಕಿಂತ ಪ್ರಕಾಶವಾಗಿತ್ತು ಅಂದರೆ ಗುರು ಇನ್ನೂ ಹುಟ್ಟಿರಲಿಲ್ಲ, ಇಲ್ಲವೇ ಮುಳುಗಿತ್ತು. ಗ್ರಹಗಳನ್ನು ಸೂರ್ಯ ಚಂದ್ರರು ಓಡಾಡುವ ಪಟ್ಟಿಯಲ್ಲೇ ಹುಡುಕಿ. ಲುಬ್ಧಕ ಅದರಿಂದ 40 ಡಿಗ್ರಿಯಷ್ಟು ದಕ್ಷಿಣಕ್ಕಿದೆ, ಅಲ್ಲಿಗೆ ಯಾವ ಗ್ರಹವೂ ಬರುವುದಿಲ್ಲ.

ಇರುಳುಗಾವಲು: ಬಿಲ್ಲೆ ಕಂಡರೆ ಗ್ರಹ ಅನ್ನುವುದಕ್ಕೂ ಒಂದು ಕೊಕ್ಕೆ ಇದೆ. ನೆಪ್ಚೂನ್ ಬರೀ 2.3 ಆರ್ಕ್‌ಸೆಕೆಂಡ್, ಈ ಟೆಲಿಸ್ಕೋಪಲ್ಲಿ ನಕ್ಷತ್ರದ ಹಾಗೇ ಕಾಣುತ್ತದೆ.

ಓರೆಗನ್ನಡಿ: ಒಪ್ಪಿದೆ. ಅದಕ್ಕೆ ನಕ್ಷೆ ಇಟ್ಟುಕೊಂಡು, ಕೆಲವು ರಾತ್ರಿ ಬಿಟ್ಟು ಮತ್ತೆ ನೋಡಿ ಜಾಗ ಬದಲಾಯಿತಾ ಅಂತ ಹೋಲಿಸಬೇಕು. ಇವರಿಗೆ ಮೊದಲು ಗುರು ಸಿಗಲಿ.

ಹೊಸಕಣ್ಣು: ತಡರಾತ್ರಿವರೆಗೆ ಕಾದೆ, ಸಿಕ್ಕಿತು! ಹಳದಿ ಬಿಲ್ಲೆ, ಎರಡು ಮಸುಕು ಪಟ್ಟೆ, ತೂತಿಲ್ಲ. ಪಕ್ಕದಲ್ಲಿ ಸಾಲಾಗಿ ಮೂರು ಚುಕ್ಕಿ. ನಾಲ್ಕು ಇರಬೇಕಲ್ವಾ?

ಓರೆಗನ್ನಡಿ: ಆ ಚುಕ್ಕಿಗಳು ಗುರುವಿನ ದೊಡ್ಡ ಉಪಗ್ರಹಗಳು, ನಾಲ್ಕರಲ್ಲಿ ಒಂದು ಗುರುವಿನ ಹಿಂದೆಯೋ ಮುಂದೆಯೋ ಅದರ ನೆರಳಲ್ಲೋ ಇದೆ. ಅದು ಅಯೋ ಎಂಬ ಉಪಗ್ರಹ ಆಗಿದ್ದರೆ ಹೆಚ್ಚು ಕಾಯಬೇಕಿಲ್ಲ, ಅದು ಸುಮಾರು 42 ಗಂಟೆಯಲ್ಲಿ ಒಂದು ಸುತ್ತು ಹಾಕುತ್ತದೆ. ಎರಡು ಮೂರು ಗಂಟೆ ಬಿಟ್ಟು ಅಂಚಿನ ಹತ್ತಿರ ನೋಡಿ.