ಮೂಕಿ ಚಿತ್ರಗಳಲ್ಲಿ ಗಂಡು-ಗಂಡಿನ ಪ್ರೀತಿ: 1919ಕ್ಕಿಂತ ಹಳೇದು ಏನಾದ್ರೂ ಇದ್ಯಾ?

ಹನುಮಂತನಗರದವ:
ಭಾನುವಾರ ಫ್ರೆಂಡ್ ರೂಮಲ್ಲಿ ನಾಲ್ಕು ಜನ ಕೂತು 1919ರ ಜರ್ಮನ್ ಚಿತ್ರ ‘ಆಂಡರ್ಸ್ ಆಲ್ಸ್ ಡಿ ಆಂಡರ್ನ್’ ನೋಡಿದ್ವಿ. ನಟ ಕಾನ್ರಾಡ್ ವೈಡ್ಟ್ ಇದರಲ್ಲಿ ಪಿಟೀಲು ವಿದ್ವಾಂಸ, ಕಲಿಯೋಕೆ ಬಂದ ಹುಡುಗನಿಗೂ ಅವನಿಗೂ ಪ್ರೀತಿ. ಇಬ್ಬರೂ ಪಾರ್ಕಲ್ಲಿ ಕೈ ಹಿಡ್ಕೊಂಡು ಹೋಗ್ತಿರ್ಬೇಕಾದ್ರೆ ಒಬ್ಬ ಹಾದು ಹೋಗ್ತಾನೆ, ಗುರುತು ಹಿಡೀತಾನೆ, ಆಮೇಲೆ ಬ್ಲ್ಯಾಕ್‌ಮೇಲ್ ಶುರು. ಎದೆ ಧಸಕ್ ಅಂತು, ಯಾಕಂದ್ರೆ ಸಲಿಂಗ ಸಂಬಂಧ ಅಪರಾಧ ಅಲ್ಲ ಅಂತ 2018ರಲ್ಲಿ 377ನೇ ಕಲಂ ಬಗ್ಗೆ ತೀರ್ಪು ಬಂದ್ಮೇಲೂ ಕಬ್ಬನ್ ಪಾರ್ಕಲ್ಲಿ ನನ್ನ ಹುಡುಗನ ಕೈ ಹಿಡಿಯೋ ಮುಂಚೆ ನಾನು ಒಂದ್ಸಲ ಹಿಂದೆ ತಿರುಗಿ ನೋಡೇ ನೋಡ್ತೀನಿ. ಆದ್ರೆ ಸಿನಿಮಾ ತುಂಡು ತುಂಡು, ಎಷ್ಟೋ ಕಡೆ ಬರೀ ಸ್ಟಿಲ್ ಫೋಟೋ ಮತ್ತೆ ಅಕ್ಷರ. ಯಾಕೆ ಹಿಂಗಾಯ್ತು? ಇದಕ್ಕಿಂತ ಹಳೇದು ಇದ್ಯಾ? ನಮ್ಮಲ್ಲಿ ಫಾಲ್ಕೆಯವರ ‘ರಾಜಾ ಹರಿಶ್ಚಂದ್ರ’ದಲ್ಲಿ ಗಂಡಸಾದ ಸಾಳುಂಕೆ ತಾರಾಮತಿ ಆಗಿದ್ದನ್ನ ಈ ಲೆಕ್ಕಕ್ಕೆ ಸೇರಿಸ್ಬಹುದಾ?

ಹಳೇರೀಲು:
ತುಂಡಾಗಿದ್ದಲ್ಲ, ಅದನ್ನ ಇಲ್ಲದ ಹಾಗೆ ಮಾಡಿದ್ರು. 1918ರ ನವೆಂಬರಲ್ಲಿ ಚಕ್ರವರ್ತಿ ಕೈಸರ್ ಹೋದ್ಮೇಲೆ ಜರ್ಮನಿಯಲ್ಲಿ ಸೆನ್ಸಾರ್ ಎತ್ತಿದ್ರು, ಆ ಸಂದೀಲಿ ರಿಚರ್ಡ್ ಓಸ್ವಾಲ್ಡ್ ಇದನ್ನ ಮಾಡಿದ್ದು, ಲೈಂಗಿಕತೆ ಬಗ್ಗೆ ಸಂಶೋಧನೆ ಮಾಡ್ತಿದ್ದ ಡಾಕ್ಟರ್ ಮ್ಯಾಗ್ನಸ್ ಹಿರ್ಷ್‌ಫೆಲ್ಡ್ ಜೊತೆ ಸೇರ್ಕೊಂಡು. ಸಿನಿಮಾದಲ್ಲಿ ಡಾಕ್ಟರಾಗಿ ಬರೋದು ಅವರೇ! ಗಂಡಸರ ಸಂಬಂಧ ಅಪರಾಧ ಅಂತಿದ್ದ 175ನೇ ಕಲಂ ತೆಗೀಬೇಕು ಅನ್ನೋದೇ ಚಿತ್ರದ ಉದ್ದೇಶ. 1920ರಲ್ಲಿ ಸೆನ್ಸಾರ್ ವಾಪಸ್ ಬಂತು, ಅದೇ ವರ್ಷ ಜನರಿಗೆ ತೋರಿಸೋದು ಬಂದ್. ಹಿರ್ಷ್‌ಫೆಲ್ಡ್ 1927ರ ತಮ್ಮ ಇನ್ನೊಂದು ಚಿತ್ರಕ್ಕೆ ಇದರ ಭಾಗಗಳನ್ನ ಸೇರಿಸಿದ್ರಲ್ಲ, ನೀವು ನೋಡಿದ್ದು ಹಂಗೆ ಉಳ್ಕೊಂಡಿದ್ದು. 1933ರ ಮೇನಲ್ಲಿ ನಾಜಿಗಳು ಬರ್ಲಿನ್ನಲ್ಲಿದ್ದ ಅವರ ಸಂಸ್ಥೆಗೆ ನುಗ್ಗಿ ಪುಸ್ತಕ ಎಲ್ಲಾ ಹೊತ್ಕೊಂಡು ಹೋಗಿ ಚೌಕದಲ್ಲಿ ಸುಟ್ರು. ಅದನ್ನ ನೆನೆಸ್ಕೊಂಡ್ರೆ ಇಷ್ಟಾದ್ರೂ ಸಿಕ್ತಲ್ಲ ಅನ್ಸುತ್ತೆ.

ಹಳೇದು ಅಂದ್ರೆ ಸ್ವೀಡನ್ನಿನ ಮೌರಿಟ್ಸ್ ಸ್ಟಿಲ್ಲರ್ 1916ರಲ್ಲಿ ಮಾಡಿದ ‘ವಿಂಗಾರ್ನೆ’. ಒಬ್ಬ ಶಿಲ್ಪಿ, ಅವನಿಗೆ ಮಾಡೆಲ್ ಆಗಿ ನಿಲ್ಲೋ ಹುಡುಗ. ಅದು ಒಂದು ಕಾದಂಬರಿ ಮೇಲೆ ಮಾಡಿದ್ದು, ಅದೇ ಕಾದಂಬರೀನ 1924ರಲ್ಲಿ ಡೆನ್ಮಾರ್ಕಿನ ನಿರ್ದೇಶಕ ಡ್ರೆಯರ್ ‘ಮಿಖಾಯೆಲ್’ ಅಂತ ಮಾಡಿದ್ರು.

ಮಲ್ಲೇಶ್ವರದ ಅಕ್ಕ:
ಸಾಳುಂಕೆ ವಿಷಯದಲ್ಲಿ ನಾನು ಒಪ್ಪಲ್ಲಪ್ಪ. 1913ರಲ್ಲಿ ಫಾಲ್ಕೆಗೆ ಬಣ್ಣ ಹಚ್ಚೋ ಹೆಂಗಸರು ಸಿಗಲಿಲ್ಲ, ಅದಕ್ಕೆ ಹೋಟೆಲಲ್ಲಿ ಕೆಲಸಕ್ಕಿದ್ದ ಹುಡುಗನ್ನ ಕರ್ಕೊಂಡು ಬಂದು ತಾರಾಮತಿ ಮಾಡಿದ್ರು. 1917ರ ‘ಲಂಕಾದಹನ’ದಲ್ಲಿ ರಾಮನೂ ಅವನೇ ಸೀತೆಯೂ ಅವನೇ. ನಮ್ಮ ಕಂಪನಿ ನಾಟಕ, ಯಕ್ಷಗಾನದ ಸ್ತ್ರೀವೇಷ ನೋಡಿ ಬೆಳೆದವರಿಗೆ ಇದು ಹೊಸದೇನಲ್ಲ. ವೇಷ ಬೇರೆ, ಆಸೆ ಬೇರೆ. ನೋಡೋರ ಮನಸ್ಸಲ್ಲಿ ಏನೇನಿತ್ತೋ ಅದು ಇನ್ನೊಂದು ಮಾತು.

ಆದ್ರೆ ನೀವಿಬ್ಬರೂ ಹೆಂಗಸರನ್ನ ಮರ್ತೇಬಿಟ್ರಲ್ಲ! 1929ರ ಪಾಬ್ಸ್ಟ್ ಚಿತ್ರ ‘ಪಂಡೋರಾಸ್ ಬಾಕ್ಸ್’ ನೋಡಿ. ಮದುವೆ ಪಾರ್ಟೀಲಿ ಕೌಂಟೆಸ್ ಗೆಶ್ವಿಟ್ಸ್ ಮದುಮಗಳು ಲುಲು ಜೊತೆ ಡ್ಯಾನ್ಸ್ ಮಾಡ್ತಾಳೆ. ಲುಲು ನಗ್ತಾ ಇರ್ತಾಳೆ, ಇವಳ ಮುಖದಲ್ಲಿ ಮಾತ್ರ ನಗು ಇಲ್ಲ, ಕಣ್ಣು ಅವಳ ಮೇಲೇ. ಅಷ್ಟರಲ್ಲಿ ಒಬ್ಬ ಗಂಡಸು ಬಂದು ಮಧ್ಯೆ ನಿಲ್ತಾನೆ. ಇವಳು ಅವನನ್ನ ನೋಡೋ ನೋಟಕ್ಕೆ ಮಾತು ಬರೆದು ತೋರಿಸೋ ಟೈಟಲ್ ಕಾರ್ಡೇ ಬೇಡ. ನಾನು ಆ ಜಾಗ ಮೂರು ಸಲ ಹಿಂದಕ್ಕೆ ಹಾಕ್ಕೊಂಡು ನೋಡಿದೀನಿ.

ಹನುಮಂತನಗರದವ:
ತುಂಬಾ ಥ್ಯಾಂಕ್ಸ್ ಅಕ್ಕ, ಹೆಂಗಸರ ಬಗ್ಗೆ ಕೇಳ್ಲಿಲ್ಲ ಅಂತ ನಿಜವಾಗ್ಲೂ ಬೇಜಾರಾಯ್ತು. ಬರೋ ಭಾನುವಾರ ಅದನ್ನೇ ಹಾಕ್ತೀವಿ, ಆಮೇಲೆ ‘ವಿಂಗಾರ್ನೆ’. ಜರ್ಮನ್ ಕಾರ್ಡ್ ಓದಿ ಹೇಳೋಕೆ ಬರೋರು ಯಾರಾದ್ರೂ ಇದ್ರೆ ಬನ್ನಿ, ಕಾಫಿ ನಮ್ಮದು.